ಹೊಸ ಕ್ಯಾಮೆರಾ, ಕರಿನಾಯಿ ಮತ್ತು ಕೆರೆ ಏರಿ

ಹೊಸ ಕ್ಯಾಮೆರಾವನ್ನು ನಾಯಿಯೊಂದಿಗಿನ ಅಡ್ಡಾಟದಲ್ಲಿ ಪರೀಕ್ಷಿಸಬೇಕೆನ್ನುವವರು ಮೊದಲು ಜಾಗವನ್ನು ಗೊತ್ತುಮಾಡಿಕೊಳ್ಳಬೇಕು. ಬಂಡೀಪುರ, ನಾಗರಹೊಳೆಯಂತಹ ರಾಷ್ಟ್ರೀಯ ಉದ್ಯಾನಗಳಿಗೆ ಸಾಕುನಾಯಿಯನ್ನು ಕರೆದೊಯ್ಯುವಂತಿಲ್ಲ. ನಗರದ ಕೆಲವು ಕೆರೆಗಳ ಬಾಗಿಲಲ್ಲಿಯೂ ಇದೇ ನಿಷೇಧದ ಫಲಕವಿರುತ್ತದೆ. ಹಳ್ಳಿಯ ಕೆರೆ ಏರಿ, ತೋಟದ ಬದು, ಬೇಸಾಯ ಮುಗಿದ ಹೊಲದ ಕಾಲುದಾರಿ ಇವೇ ನಮಗೆ ಒಗ್ಗುವ ಜಾಗಗಳು. ಬಿಸಿಲು ಓರೆಯಾಗಿ ಬೀಳುವ ಮುಂಜಾನೆಯಲ್ಲಿ ಹೊರಟರೆ ಬೆಳಕೂ ಹಿತ, ನಾಯಿಯ ಅಂಗಾಲಿಗೂ ಹಿತ.

ಹಿಂದಿನ ರಾತ್ರಿಯೇ ಬ್ಯಾಟರಿ ಚಾರ್ಜ್ ಮಾಡಿ, ಮೆಮೊರಿ ಕಾರ್ಡನ್ನು ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿಕೊಳ್ಳಿ. ಶಟರ್ ಸದ್ದಿಗೆ ಕಿವಿ ನಿಮಿರಿಸಿ ದೂರ ಸರಿಯುವ ನಾಯಿಗಳುಂಟು. ಅಂಗಳದಲ್ಲಿ ನಾಲ್ಕಾರು ಬಾರಿ ಕ್ಲಿಕ್ಕಿಸಿ, ಪ್ರತಿ ಬಾರಿಯೂ ಒಂದು ಚೂರು ಬಿಸ್ಕತ್ತು ಕೊಟ್ಟರೆ ಆ ಅಳುಕು ಹೋಗುತ್ತದೆ.

ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ನೇತುಹಾಕದೆ ಹೆಗಲಿನಿಂದ ಓರೆಯಾಗಿ ಹಾಕಿಕೊಳ್ಳಿ, ನಾಯಿಯ ಹಗ್ಗವನ್ನು ಸೊಂಟದ ಬೆಲ್ಟಿಗೆ ಕಟ್ಟಿಕೊಳ್ಳಿ. ನಾನು ಮೊದಲ ದಿನ ಹಗ್ಗವನ್ನು ಬಲಗೈ ಮಣಿಕಟ್ಟಿಗೆ ಸುತ್ತಿಕೊಂಡು ವ್ಯೂಫೈಂಡರಿನಲ್ಲಿ ಕಣ್ಣಿಟ್ಟಿದ್ದೆ. ಎದುರಿಗೆ ಟಿಟ್ಟಿಭ ಹಕ್ಕಿಯೊಂದು ಕಿರುಚಿ ಮೇಲೆದ್ದದ್ದೇ ತಡ, ನಾಯಿ ಜಗ್ಗಿದ ರಭಸಕ್ಕೆ ಕ್ಯಾಮೆರಾದ ಅಂಚು ಹುಬ್ಬಿಗೆ ಬಡಿಯಿತು. ಎಳೆಯುವ ಚಾಳಿಯಿರುವ ದೊಡ್ಡ ನಾಯಿಯಾದರೆ ಸೊಂಟದ ಕಟ್ಟೂ ಸಾಲದು, ಹಗ್ಗ ಹಿಡಿಯಲು ಮನೆಯವರೊಬ್ಬರು ಜೊತೆಗಿರಬೇಕು.

ಸೆಟ್ಟಿಂಗುಗಳನ್ನೆಲ್ಲ ಒಂದೇ ದಿನ ತಿರುವಿ ನೋಡುವ ಆಸೆಯನ್ನು ಹತ್ತಿಕ್ಕಿ, ಶಟರ್ ಪ್ರಯಾರಿಟಿಯಲ್ಲಿ (ಶಟರ್ ವೇಗವನ್ನು ನಾವೇ ಗೊತ್ತುಮಾಡುವ ವಿಧಾನ) ವೇಗವನ್ನು 1/1000 ಸೆಕೆಂಡಿಗೆ ನಿಲ್ಲಿಸಿ, ಐಎಸ್ಒವನ್ನು (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೋದಲ್ಲಿಟ್ಟು 6400ರ ಮೇಲ್ಮಿತಿ ಹಾಕಿ, ಫೋಕಸನ್ನು ಚಲಿಸುವ ನಾಯಿಯನ್ನು ಹಿಂಬಾಲಿಸುವ ನಿರಂತರ ವಿಧಾನಕ್ಕೆ ಬದಲಿಸಿ. ಪ್ರಾಣಿಗಳ ಕಣ್ಣನ್ನು ಗುರುತಿಸುವ ಸೌಲಭ್ಯವಿದ್ದರೆ ಅದನ್ನೂ ಚಾಲೂ ಮಾಡಿ. ಬಳಿಕ ನೀವು ಕುಕ್ಕರಗಾಲಿನಲ್ಲಿ ಕೂರಬೇಕು. ನಿಂತು ತೆಗೆದ ಚಿತ್ರದಲ್ಲಿ ನಾಯಿಯ ಬೆನ್ನು ಮತ್ತು ನೆಲ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ.

ನಿಜವಾದ ಪರೀಕ್ಷೆ ಇರುವುದು ಬಣ್ಣದಲ್ಲಿ. ಕ್ಯಾಮೆರಾದ ಬೆಳಕಿನ ಮಾಪಕವು ಎದುರಿಗಿರುವುದೆಲ್ಲ ಒಟ್ಟಾರೆ ನಡುಬೂದು ಎಂದೇ ಎಣಿಸುತ್ತದೆ. ನಮ್ಮದು ಅಪ್ಪಟ ಕರಿನಾಯಿ. ಅದರ ಮುಖ ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಕತ್ತಲಾಗಿದೆಯೆಂದು ಭ್ರಮಿಸಿ ಬೆಳಕನ್ನು ಹೆಚ್ಚಿಸಿತು. ನಾಯಿ ಒಲೆಯ ಬೂದಿಯಲ್ಲಿ ಹೊರಳಿ ಬಂದಂತೆ ಕಂಡಿತು, ಹಿಂದಿನ ಕೆಮ್ಮಣ್ಣಿನ ದಾರಿ ಪೇಲವವಾಯಿತು. ಎಕ್ಸ್‌ಪೋಷರ್ ಕಾಂಪೆನ್ಸೇಷನ್ನನ್ನು (ಮಾಪಕದ ಎಣಿಕೆಗಿಂತ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಹೊಂದಿಕೆ) ಮೈನಸ್ 1ಕ್ಕೆ ಇಳಿಸಿದೊಡನೆ ಕಪ್ಪು ಕಪ್ಪಾಗಿ, ಒದ್ದೆ ಮೂಗಿನ ಮೇಲಿನ ಸಣ್ಣ ಸಣ್ಣ ಉಬ್ಬುಗಳು ಬಿಡಿಬಿಡಿಯಾಗಿ ಕಂಡವು. ಬಿಳಿನಾಯಿಗೆ ಇದೇ ಲೆಕ್ಕವನ್ನು ತಿರುಗಿಸಿ ಪ್ಲಸ್ ಕಡೆಗೆ ಹೋಗಬೇಕು. ಆದರೆ ಅದೇ ಕರಿನಾಯಿ ದೂರದಲ್ಲಿ, ಹೊಳೆಯುವ ಕೆರೆನೀರಿನ ಮುಂದೆ ಚಿಕ್ಕದಾಗಿ ನಿಂತಿದ್ದರೆ ಮೈನಸ್ ಕೆಲಸಕ್ಕೆ ಬಾರದು, ಏಕೆಂದರೆ ಆಗ ಮಾಪಕವನ್ನು ದಾರಿ ತಪ್ಪಿಸುವುದು ನೀರಿನ ಹೊಳಪು. ಪ್ಲಸ್ ಮಾಡದಿದ್ದರೆ ನಾಯಿ ಬರಿಯ ನೆರಳಾಗುತ್ತದೆ. ಕಪ್ಪು ಕೂದಲಿನ ಮೇಲೆ ಫೋಕಸ್ ತಡಕಾಡುವುದೂ ಉಂಟು. ಕಣ್ಣಿನಲ್ಲಿ ಆಕಾಶದ ಚುಕ್ಕೆ ಮಿನುಗುವಂತೆ ನಾಯಿಯ ಮುಖವನ್ನು ಬಯಲಿನ ಕಡೆಗೆ ತಿರುಗಿಸಿದರೆ ಫೋಕಸಿಗೆ ಹಿಡಿಯಲು ಏನಾದರೂ ಸಿಗುತ್ತದೆ.

ಓಟದ ಚಿತ್ರಕ್ಕೆ ಸುತ್ತಲೂ ಬೇಲಿಯಿರುವ ತೋಟವೇ ಬೇಕು. ಮನೆಯವರು ನಿಮ್ಮ ಬೆನ್ನ ಹಿಂದೆ ನಿಂತು ಕರೆಯಲಿ, ನಾಯಿ ಎದುರಾಗಿ ಓಡಿ ಬರುವಾಗ ಸತತವಾಗಿ ಕ್ಲಿಕ್ಕಿಸಿ. ಇಪ್ಪತ್ತರಲ್ಲಿ ಎರಡು ಸರಿಬಂದರೂ ಅದೃಷ್ಟವೆನ್ನಿ.

ಟಿಟ್ಟಿಭವು ಬರಿನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿ. ಅದು ತಲೆಯ ಮೇಲೆ ಸುತ್ತುತ್ತ ಕೂಗುತ್ತಿದ್ದರೆ ಗೂಡು ಹತ್ತಿರದಲ್ಲಿದೆಯೆಂದು ತಿಳಿದು, ಚಿತ್ರದ ಆಸೆ ಬಿಟ್ಟು ನಾಯಿಯೊಂದಿಗೆ ಬಂದ ದಾರಿಯಲ್ಲೇ ಹಿಂದಿರುಗಿ.

ಮನೆಗೆ ಬಂದೊಡನೆ ಚಿತ್ರ ನೋಡಲು ಕೂರದೆ, ನಾಯಿಯ ಕಿವಿಯ ಮಡಿಕೆಗಳಲ್ಲಿ, ಕಾಲ್ಬೆರಳ ಸಂದುಗಳಲ್ಲಿ ರಕ್ತ ಹೀರುವ ಉಣ್ಣೆಹುಳು ಹತ್ತಿದೆಯೇ ಎಂದು ತಡವಿ ನೋಡಿ. ಲೆನ್ಸಿನ ಮೇಲೆ ಕುಳಿತ ಕೆಂಧೂಳನ್ನು ಬಟ್ಟೆಯಿಂದ ಉಜ್ಜಿದರೆ ಗೀರು ಬೀಳಬಹುದು; ಮೊದಲು ರಬ್ಬರಿನ ಊದುಬುರುಡೆಯಿಂದ ಊದಿ ತೆಗೆದು, ಆಮೇಲೆ ಬಟ್ಟೆ ಮುಟ್ಟಿಸಿ.