‘ಶಾಂತಿ’ಯ ಮೂಲ ಹುಡುಕುವುದು ಹೇಗೆ?

ಪದಮೂಲ ಹುಡುಕುವ ಕೆಲಸದಲ್ಲಿ ಕಾಸರಗೋಡಿನ ಕನ್ನಡಿಗರಿಗೆ ಒಂದು ಅನುಕೂಲವಿದೆ: ಒಂದೇ ಸಂಸ್ಕೃತ ಪದ ಕನ್ನಡದಲ್ಲೊಂದು, ಮಲಯಾಳದಲ್ಲೊಂದು ದಾರಿ ಹಿಡಿದಿರುವುದನ್ನು ಅವರು ದಿನವೂ ಕೇಳುತ್ತಿರುತ್ತಾರೆ. ‘ಶಾಂತಿ’ ಅಂಥದೊಂದು ಪದ.

ಮೊದಲು ಪದವನ್ನು ಬಿಡಿಸಿಕೊಳ್ಳಬೇಕು. ಕನ್ನಡದ ಸೊನ್ನೆ ಇಲ್ಲಿ ಒಂದು ಅಕ್ಷರವನ್ನು ಮರೆಮಾಡುತ್ತದೆ. ಮಲಯಾಳ ಲಿಪಿಯಲ್ಲಿ ಇದೇ ಪದವನ್ನು ಓದಿದರೆ ನಕಾರಕ್ಕೆ ತಕಾರ ಕೂಡಿರುವುದು ಎದ್ದು ಕಾಣುತ್ತದೆ. ಆ ನಕಾರವೂ ಮೂಲದ್ದಲ್ಲ. ‘ಶಮ್’ ಎಂಬ ಧಾತುವಿಗೆ ವೈಯಾಕರಣರು ‘ಕ್ತಿನ್’ ಎನ್ನುವ ‘ತಿ’ ಪ್ರತ್ಯಯ ಸೇರಿದಾಗ ಪಾಣಿನಿಯ ನಿಯಮದಂತೆ ಅಕಾರ ದೀರ್ಘವಾಗಿ, ಮಕಾರವು ಮುಂದಿರುವ ತಕಾರಕ್ಕೆ ಹೊಂದಿಕೊಂಡು ನಕಾರವಾಗುತ್ತದೆ.

ಅನಂತರ ತಾಳೆ ನೋಡಬೇಕು. ಭ್ರಮ್ ಧಾತುವಿನಿಂದ ಭ್ರಾಂತಿ, ಶ್ರಮ್‌ನಿಂದ ವಿಶ್ರಾಂತಿ, ಕ್ರಮ್‌ನಿಂದ ಕ್ರಾಂತಿ. ಕ್ರಾಂತಿಯೂ ಶಾಂತಿಯೂ ಒಂದೇ ಅಚ್ಚಿನವೆಂಬುದು ನಮ್ಮ ಭಾಷಣಕಾರರಿಗೆ ಇನ್ನೂ ಹೊಳೆದಂತಿಲ್ಲ! ಆದರೆ ಗಮ್, ನಮ್ ಧಾತುಗಳು ಮಕಾರವನ್ನೇ ಬಿಟ್ಟುಕೊಟ್ಟು ಗತಿ, ನತಿ ಎಂದಾಗುವುದರಿಂದ ಹೋಲಿಕೆಯನ್ನಷ್ಟೇ ನಂಬಿ ಕೂರುವಂತಿಲ್ಲ. ಕಿಟ್ಟೆಲ್ಲರ ಕನ್ನಡ ನಿಘಂಟು (1894), ಗುಂಡರ್ಟರ ಮಲಯಾಳ ನಿಘಂಟು (1872) ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಎರಡೂ ಅಚ್ಚಾದದ್ದು ಮಂಗಳೂರಿನಲ್ಲಿ.

ಮೂರನೆಯ ಹೆಜ್ಜೆ ಅರ್ಥದ್ದು, ಮುಖ್ಯವಾದದ್ದೂ ಇದೇ. ಶಮ್ ಎಂದರೆ ತಣಿಯುವುದು, ಅಡಗುವುದು, ಆರುವುದು. ಬೆಂಕಿ ಆರಿಸುವವರು ಅಗ್ನಿಶಾಮಕರು. ನೋವು ಇಳಿದರೆ ಉಪಶಮನ. ಹಾಗಾಗಿ ಶಾಂತಿಯೆಂಬುದು ಬರಿಯ ಮೌನವಲ್ಲ, ಉರಿಯುತ್ತಿದ್ದುದೊಂದು ಇಳಿದ ಸ್ಥಿತಿ. ಗ್ರಹಶಾಂತಿ, ಅರವತ್ತು ತುಂಬಿದವರಿಗೆ ಮಾಡಿಸುವ ಷಷ್ಟ್ಯಬ್ದಿ ಶಾಂತಿ ಇವುಗಳಲ್ಲಿ ದೋಷವನ್ನು ತಣಿಸುವ ಆ ಹಳೆಯ ಅರ್ಥವೇ ಉಳಿದಿದೆ.

ಕೊನೆಯದಾಗಿ ಊರಿನ ಬಳಕೆಯನ್ನು ಗಮನಿಸಬೇಕು. ಮಲಯಾಳದಲ್ಲಿ ‘ಶಾಂತಿ’ ಎಂದರೆ ದೇವಸ್ಥಾನದ ಪೂಜೆಯ ಕೆಲಸವೂ ಹೌದು, ಪೂಜೆ ಮಾಡುವವರೂ ಹೌದು. ಮುಖ್ಯ ಅರ್ಚಕರು ‘ಮೇಲ್ಶಾಂತಿ’. ಮೇಲ್ಶಾಂತಿ ಬೇಕಾಗಿದ್ದಾರೆಂಬ ಪ್ರಕಟಣೆಯನ್ನು ಘಟ್ಟದ ಮೇಲಿನವರು ಓದಿದರೆ ಕಕ್ಕಾಬಿಕ್ಕಿಯಾಗುವುದು ಖಂಡಿತ.

‘ನೆಮ್ಮದಿ’ಗೆ ಮಾತ್ರ ಈ ಧಾತುವಿನ ಕ್ರಮವನ್ನು ಹಚ್ಚಬೇಡಿ. ಅದು ಸಂಸ್ಕೃತದ ಪದವಲ್ಲ. ತಮಿಳಿನ ‘ನಿಮ್ಮದಿ’, ಮೆಲ್ಲನೆ ಎಂಬರ್ಥವೂ ಇರುವ ತೆಲುಗಿನ ‘ನೆಮ್ಮದಿ’ ಇವುಗಳ ಜೊತೆಗಿಟ್ಟು, ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಮೂಲ ನಿಘಂಟಿನಿಂದ ಆ ಹುಡುಕಾಟವನ್ನು ಆರಂಭಿಸಬೇಕಾಗುತ್ತದೆ.