ಉಪನದಿಗಳಲ್ಲಿ ಬಲೆ ಹುಡುಕಿದ ಬೇಸಿಗೆ

ಅಲಾಸ್ಕಾದ ಕುಸ್ಕೊಕ್ವಿಮ್ ನದಿಗೆ ಜೂನ್‌ನಲ್ಲಿ ಚಿನೂಕ್ ಸಾಲ್ಮನ್ ಎಂಬ ದೊಡ್ಡ ಮೀನು ಸಮುದ್ರದಿಂದ ಏರಿ ಬರುತ್ತದೆ. 2010ರ ಬಳಿಕ ಅದು ತೀರಾ ಕಡಿಮೆಯಾಗಿ, ಈಗ ಗೊತ್ತುಪಡಿಸಿದ ದಿನಗಳಲ್ಲಿ ಕೆಲವು ಗಂಟೆ ಮಾತ್ರ ಮುಖ್ಯನದಿಯಲ್ಲಿ ದೊಡ್ಡ ಬಲೆ ಬಿಡಬಹುದು. ಕ್ವೆತ್‌ಲುಕ್, ಕಿಸರಾಲಿಕ್, ಟುಲುಕ್‌ಸಾಕ್‌ನಂಥ ಉಪನದಿಗಳಿಗೆ ಆ ಸಡಿಲಿಕೆಯೂ ಇಲ್ಲ. ಬೆತೆಲ್ ಊರಿನಿಂದ ದೋಣಿಯಲ್ಲಿ ಹೋಗಿ ಅವುಗಳನ್ನು ನೋಡಿಬರುವುದು ನನ್ನ ಕೆಲಸವಾಗಿತ್ತು.

ಮುಖ್ಯನದಿಯ ಬಲೆಗೆ ಬೀಳುವುದು ಹಲವು ಕವಲುಗಳ ಮೀನು, ನಷ್ಟ ಹಂಚಿಹೋಗುತ್ತದೆ. ಕವಲಿನೊಳಗೆ ಬಲೆ ಹಾಕಿದರೆ ಮೊಟ್ಟೆಯಿಡಲು ಹುಟ್ಟಿದ ನೀರಿಗೆ ಮರಳಿದ ಒಂದೇ ಬಳಗ ಸವೆಯುತ್ತದೆ. ಬಿಗಿ ಇರುವುದು ಇದಕ್ಕೇ.

ಕವಲು ಸೇರುವ ಜಾಗ, ದಡದ ಸುಳಿನೀರು ಇವೇ ಮೊದಲು ನೋಡಬೇಕಾದವು. ಎಂಜಿನ್ ನಿಧಾನಿಸಿದರೆ ತೇಲುಬೆಂಡುಗಳ ಸಾಲು ಕಾಣುತ್ತದೆ. ಬಿಳಿಮೀನಿಗೆಂದು ಹಾಕುವ 4 ಇಂಚಿನ ಕಣ್ಣುಗಳ ಸಣ್ಣ ಬಲೆಗೆ ಮುಖ್ಯನದಿಯಲ್ಲಿ ಅವಕಾಶ ಇರುವುದುಂಟು. ಹಾಗಾಗಿ ಬಲೆಯ ಕಣ್ಣನ್ನು ಬಿಗಿಯಾಗಿ ಎಳೆದು ಗಂಟಿನಿಂದ ಗಂಟಿಗೆ ಅಳೆಯದೆ ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ದಂಡ ಹಾಕುವ ಅಧಿಕಾರ ನನಗಿರಲಿಲ್ಲ, ಅದರಿಂದ ಒಳ್ಳೆಯದೇ ಆಯಿತು. ದಂಡದ ಪುಸ್ತಕ ಹಿಡಿದವನಿಗೆ ಯಾರು ನಿಜವಾದ ಲೆಕ್ಕ ಕೊಡುತ್ತಾರೆ?

ಲೆಕ್ಕ ಸಿಗುವುದು ದಡದ ಮೀನು ಬಿಡಾರಗಳಲ್ಲಿ. ಇಲ್ಲಿನ ಮೂಲನಿವಾಸಿಗಳಾದ ಯುಪಿಕ್ ಜನರ ಕುಟುಂಬಗಳು ಅಲ್ಲಿ ಮೀನು ಸೀಳಿ, ಒಣಗಿಸಿ, ಹೊಗೆಮನೆಗೆ ಏರಿಸುತ್ತವೆ. ಚಳಿಗಾಲದ ಊಟ ಅದು. ಕೈಕೆಲಸ ಮುಗಿಯುವವರೆಗೆ ಕಾದು, ಗಾಳಿ ಮಳೆಯ ಮಾತಾಡಿ, ಆಮೇಲೆ ಕೇಳುತ್ತಿದ್ದೆ: ಎಷ್ಟು ಹೊತ್ತು ಬಲೆ ಬಿಟ್ಟಿರಿ, ಯಾವ ಜಾತಿಯದು ಎಷ್ಟು ಬಂತು? ಒಪ್ಪಿದವರ ಮೀನಿನ ಎಡಬದಿಯಿಂದ ಕೆಲವು ಹುರುಪೆ ತೆಗೆಯುತ್ತಿದ್ದೆ. ಅದರ ಬಳೆಗಳಲ್ಲಿ ವಯಸ್ಸು ತಿಳಿಯುತ್ತದೆ. ಉದ್ದವನ್ನು ಮೂತಿಯಿಂದಲ್ಲ, ಕಣ್ಣಿನ ನಡುವಿನಿಂದ ಬಾಲದ ಕವಲಿನವರೆಗೆ ಅಳೆಯಬೇಕು, ಏಕೆಂದರೆ ಮೊಟ್ಟೆಯಿಡುವ ಕಾಲ ಹತ್ತಿರವಾದಂತೆ ಮೂತಿಯೇ ಬೆಳೆದು ಬಾಗುತ್ತದೆ.

"ನಮ್ಮ ಒಂದೊಂದು ಮೀನನ್ನೂ ಎಣಿಸುತ್ತೀರಿ, ಬೇರಿಂಗ್ ಸಮುದ್ರದ ದೊಡ್ಡ ಹಡಗುಗಳು ಬಳಿಯುವುದನ್ನು ಎಣಿಸುವವರು ಯಾರು?" ಎಂದು ಒಬ್ಬ ಅಜ್ಜಿ ಕೇಳಿದರು. ಆ ಹಡಗುಗಳಲ್ಲೂ ವೀಕ್ಷಕರಿದ್ದಾರೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಅಲ್ಲಿ ಪೊಲಾಕ್ ಎಂಬ ಬೇರೆ ಮೀನು ಹಿಡಿಯುವ ಬಲೆಗೆ ಚಿನೂಕ್ ಬಿದ್ದರೂ ಉದ್ಯಮ ನಡೆಯುತ್ತದೆ, ಇಲ್ಲಿ ಊಟದ ಬಲೆ ಮೊದಲು ನಿಲ್ಲುತ್ತದೆ. ಅವರ ಸಿಟ್ಟು ನನಗೆ ನ್ಯಾಯವಾಗಿಯೇ ಕಂಡಿತು.

ಈ ಕೆಲಸಕ್ಕೆ ಹೊಸಬರು ಬಂದರೆ ಒಂದು ಮಾತು ಹೇಳುತ್ತೇನೆ. ವಿಮಾನದಿಂದ ಎಣಿಸಿದ ದೋಣಿಗಳ ಸಂಖ್ಯೆಯನ್ನು, ಬಿಡಾರಗಳಲ್ಲಿ ಕೇಳಿ ತಿಳಿದ ದೋಣಿಗೊಂದರ ಸರಾಸರಿಯಿಂದ ಗುಣಿಸಿಯೇ ಒಟ್ಟು ಹಿಡಿದ ಮೀನಿನ ಅಂದಾಜು ಬರುತ್ತದೆ. ಆದ್ದರಿಂದ ಏನೂ ಸಿಗದೆ ಮರಳಿದವರನ್ನೂ ಹುಡುಕಿ ಮಾತಾಡಿಸಿ, ಸೊನ್ನೆ ಎಂದು ಬರೆದುಕೊಳ್ಳಿ. ತುಂಬಿದ ದೋಣಿಗಳನ್ನೇ ಕೇಳುತ್ತ ಹೋದರೆ ಸರಾಸರಿ ಉಬ್ಬುತ್ತದೆ, ಮುಂದಿನ ಬಾರಿ ನದಿ ತೆರೆಯುವ ಗಂಟೆಗಳು ಕಡಿಮೆಯಾಗುತ್ತವೆ.