ಸಂಘದ ಯೋಜನೆಗೆ ಎದುರು ಅರ್ಥಧಾರಿಯಾಗಿ ಎಐ: ನನ್ನ ಅನುಭವ

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಕನ್ನಡ ಟ್ರಸ್ಟ್ ಇದೆ. ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ತಲೆಮಾರಿನವರು ಕಟ್ಟಿದ ಸಂಸ್ಥೆ ಇದು. ಅವರ ಗುರಿ ಸ್ಪಷ್ಟವಾಗಿತ್ತು. ಊರಿಂದ ಬಂದ ಹೋಟೆಲ್ ಹುಡುಗ ಓದು ಬಿಡಬಾರದು, ಅಷ್ಟೇ. ಫೀಸು ಕಟ್ಟುವುದು, ಪುಸ್ತಕ ಕೊಡಿಸುವುದು, ಪರೀಕ್ಷೆ ಹೊತ್ತಿಗೆ ಮಾಲೀಕರ ಹತ್ತಿರ ಮಾತಾಡಿ ರಜೆ ಕೊಡಿಸುವುದು. ಈಗ ಆ ಹುಡುಗ ನಮಗೆ ಸಿಗುವುದೇ ಅಪರೂಪ. ಉಡುಪಿ, ಕುಂದಾಪುರ ಕಡೆಯಿಂದ ಕಪ್ಪು-ಬಸಿ ಎತ್ತಲು ಬರುವವರು ಕಡಿಮೆಯಾಗಿದ್ದಾರೆ. ನಮ್ಮವರ ಹೋಟೆಲುಗಳ ಅಡುಗೆಮನೆಯಲ್ಲೂ ಒಡಿಶಾ, ಉತ್ತರ ಪ್ರದೇಶ, ನೇಪಾಳದವರು ಕಾಣುತ್ತಾರೆ. ಹಾಗಾದರೆ ಟ್ರಸ್ಟ್ ಇನ್ನು ಯಾರಿಗಾಗಿ?

ಮುಂದಿನ ಮೂರು ವರ್ಷಕ್ಕೆ ಒಂದು ಯೋಜನೆ ಬರೆಯುವ ಕೆಲಸ ಕಾರ್ಯದರ್ಶಿಯಾದ ನನ್ನ ಪಾಲಿಗೆ ಬಂತು. ಸಮಿತಿಯಲ್ಲಿ ಎಲ್ಲರ ಅಭಿಪ್ರಾಯ ಕೇಳಿದೆ. ಸ್ವಂತ ಹಾಲ್ ಬೇಕು, ಮಕ್ಕಳಿಗೆ ಕನ್ನಡ ತರಗತಿ ಬೇಕು, ಯಕ್ಷಗಾನ ಬೇಕು, ಗ್ರಂಥಾಲಯ, ಆರೋಗ್ಯ ಶಿಬಿರ, ಯುವ ವಿಭಾಗ, ರಾಜ್ಯೋತ್ಸವ ಇನ್ನೂ ಜೋರಾಗಿ ಆಗಬೇಕು. ಎಲ್ಲವೂ ಒಳ್ಳೆಯದೇ. ಯಾರೂ ಯಾವುದನ್ನೂ ಬೇಡ ಅನ್ನಲಿಲ್ಲ. ತಂದೆಯ ಹೆಸರಲ್ಲಿ ಹಾಲಿಗೆ ದೇಣಿಗೆ ಕೊಡುತ್ತೇನೆ ಅನ್ನುವ ಹಿರಿಯರ ಎದುರು ‘ನಮಗೆ ಹಾಲ್ ಯಾಕೆ?’ ಅಂತ ಕೇಳುವವರು ಯಾರು? ನಾಳೆ ಅವರ ಮನೆ ಮದುವೆಗೆ ಹೋಗಬೇಕಲ್ವಾ! ಸಂಘ-ಸಂಸ್ಥೆಗಳಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಅದಕ್ಕೇ ಟೀಕೆಯ ಕೆಲಸವನ್ನು ಎಐಗೆ ಕೊಟ್ಟೆ. ಅದಕ್ಕೆ ನಮ್ಮಲ್ಲಿ ಯಾರ ಮುಲಾಜೂ ಇಲ್ಲ.

ಆದರೆ ‘ನಮ್ಮ ಯೋಜನೆ ಹೇಗಿದೆ?’ ಅಂತ ಕೇಳಿದರೆ ಬರುವುದು ಹೊಗಳಿಕೆ. ಈ ಸ್ವಭಾವ ಹೊಸತಲ್ಲ. ಬಳಕೆದಾರರನ್ನು ಅತಿಯಾಗಿ ಹೊಗಳುತ್ತದೆ ಅನ್ನುವ ಕಾರಣಕ್ಕೇ 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ತನ್ನ ಚಾಟ್‌ಜಿಪಿಟಿಯ ಒಂದು ಅಪ್‌ಡೇಟನ್ನು ಹಿಂದಕ್ಕೆ ಪಡೆಯಬೇಕಾಯಿತು. ಹಾಗಾಗಿ ನಾನು ಅಭಿಪ್ರಾಯ ಕೇಳಲೇ ಇಲ್ಲ. ‘ಒಂದು ಸಂಸ್ಥೆ ಈ ಯೋಜನೆ ತಂದು ದುಡ್ಡು ಕೇಳುತ್ತಿದೆ. ಕೊಡಬೇಡಿ ಅನ್ನುವುದು ನಿನ್ನ ವಾದ. ಯಾವ ಸಾಲನ್ನು ಟೀಕಿಸುತ್ತೀಯೋ ಆ ಸಾಲನ್ನು ಮೊದಲು ಎತ್ತಿ ಬರೆ’ ಎಂದೆ. ಯೋಜನೆ ನನ್ನದು ಎಂಬ ಸುಳಿವು ಕೊಡಲಿಲ್ಲ. ಸಾಲು ಎತ್ತಿ ಬರೆಯಬೇಕು ಅನ್ನುವ ಷರತ್ತು ಬಹಳ ಉಪಯೋಗಕ್ಕೆ ಬಂತು. ಅದಿಲ್ಲದಿದ್ದರೆ ಯಾವ ಸಂಸ್ಥೆಗಾದರೂ ಹೇಳಬಹುದಾದ ಮಾತುಗಳೇ ಬರುತ್ತವೆ.

ನಮ್ಮ ಕಡೆಯವರಿಗೆ ತಾಳಮದ್ದಲೆ ಗೊತ್ತು. ವೇಷ, ಕುಣಿತ ಇಲ್ಲದೆ ಕುಳಿತು ಮಾತಿನಲ್ಲೇ ಪಾತ್ರ ನಡೆಸುವ ಯಕ್ಷಗಾನ ಅದು; ಪಾತ್ರದ ಮಾತಾಡುವುದಕ್ಕೆ ಅರ್ಥ ಹೇಳುವುದು ಅನ್ನುತ್ತಾರೆ, ಹೇಳುವವರು ಅರ್ಥಧಾರಿ. ಇವತ್ತು ರಾಮನ ಅರ್ಥ ಹೇಳಿದವರು ನಾಳೆ ವಾಲಿಯ ಅರ್ಥ ಹೇಳುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆ ಯಾಕೆ ಎಂದು ವಾಲಿ ಪೂರ್ತಿ ಬಲದಿಂದ ಕೇಳಿದರೆ ಮಾತ್ರ ರಾಮನ ಉತ್ತರಕ್ಕೂ ತೂಕ ಬರುತ್ತದೆ. ಎಐಗೆ ನಾನು ಕೊಟ್ಟದ್ದು ಅಂಥ ಪಾತ್ರಗಳನ್ನೇ: ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ, ದುಡ್ಡು ಕೊಡುವ ಹೋಟೆಲ್ ಮಾಲೀಕರು, ಟ್ರಸ್ಟಿನ ಲೆಕ್ಕ ನೋಡುವ ಆಡಿಟರ್, ಎರಡು ಮಕ್ಕಳನ್ನು ಟ್ಯೂಷನ್ನಿಗೆ ಕರೆದೊಯ್ಯುವ ತಾಯಿ. ಪ್ರತಿ ಪಾತ್ರಕ್ಕೂ ಹೊಸ ಚಾಟ್. ಒಂದೇ ಚಾಟಿನಲ್ಲಿ ನಾಲ್ವರನ್ನೂ ಕೂರಿಸಿದರೆ ಸ್ವಲ್ಪ ಹೊತ್ತಿಗೆ ನಾಲ್ವರೂ ಒಂದೇ ದನಿಯಲ್ಲಿ ಮಾತಾಡುತ್ತಾರೆ.

ಇದಕ್ಕೆ ಮುಂಚೆ ಯೋಜನೆಯನ್ನು ಒಂದೇ ಪುಟಕ್ಕೆ ಇಳಿಸಿದೆ. ತೊಂದರೆ ಏನು, ನಾವು ಆರಿಸಿದ ದಾರಿ ಯಾವುದು, ಏನನ್ನು ಬಿಡುತ್ತೇವೆ, ಈ ದಾರಿ ಫಲಿಸಬೇಕಾದರೆ ಯಾವೆಲ್ಲ ಮಾತು ನಿಜವಾಗಿರಬೇಕು. ಕೊನೆಯದೇ ಮುಖ್ಯ. ‘ತಂದೆತಾಯಿಗೆ ಮಕ್ಕಳು ಕನ್ನಡ ಕಲಿಯಬೇಕೆಂಬ ಆಸೆ ಇದೆ’, ‘ಹಾಲ್ ಇದ್ದರೆ ಜನ ಬರುತ್ತಾರೆ’ – ಇಂಥ ನಂಬಿಕೆಗಳು ನಮ್ಮ ಮಾತಿನಲ್ಲಿ ಇದ್ದೇ ಇರುತ್ತವೆ, ಆದರೆ ಯಾರೂ ಬರೆದಿಟ್ಟಿರುವುದಿಲ್ಲ. ಬರೆದರೆ ತಾನೇ ಯಾರಾದರೂ ಅದನ್ನು ಪ್ರಶ್ನಿಸುವುದು? ಸದಸ್ಯರ ಹೆಸರು, ದಾನಿಗಳ ಮೊತ್ತ, ಫೀಸು ಪಡೆಯುವ ಮಕ್ಕಳ ವಿವರ ಎಲ್ಲ ತೆಗೆದುಹಾಕಿದೆ. ನಂಬಿ ಕೊಟ್ಟ ಮಾಹಿತಿ ಅದು. ಯಾವ ಕಂಪನಿಯ ಯಂತ್ರಕ್ಕೂ ಹಾಕುವಂಥದ್ದಲ್ಲ.

ಮೊದಲು ಕೈಗೆತ್ತಿಕೊಂಡದ್ದು ‘ಪ್ರಿಮಾರ್ಟಮ್’. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದು ಪ್ರಚಾರಕ್ಕೆ ತಂದ ಪದ್ಧತಿ ಇದು. ‘ಸೋಲಬಹುದೇ?’ ಅಂತ ಕೇಳಬಾರದು. ಮೂರು ವರ್ಷ ಕಳೆದಿದೆ, ಯೋಜನೆ ಆಗಲೇ ಸೋತಿದೆ, ಯಾಕೆ ಸೋತಿತು ಹೇಳು ಎನ್ನಬೇಕು. ಸೋಲು ನಡೆದುಹೋಗಿದೆ ಎಂದು ಒಪ್ಪಿಕೊಂಡ ಮೇಲೆ ಕಾರಣಗಳು ಸಲೀಸಾಗಿ ಹೊರಬರುತ್ತವೆ. ಹೋಟೆಲ್ ಮಾಲೀಕರ ಪಾತ್ರ ಹೇಳಿದ್ದು ಹೀಗೆ: ‘ನೀವು ಹಾಲ್ ಕಟ್ಟಿದಿರಿ. ಸಾಲ ತೀರಿಸಲು ಮದುವೆಗೆ ಬಾಡಿಗೆ ಕೊಟ್ಟಿರಿ. ಭಾನುವಾರವೆಲ್ಲ ಮದುವೆ. ತರಗತಿಗೆ ಜಾಗವಿಲ್ಲ. ಈಗ ನಿಮ್ಮ ಸಮಿತಿಯ ಕೆಲಸ ಬುಕಿಂಗ್ ನೋಡುವುದು.’ ಇದನ್ನು ಓದಿದ ಮೇಲೆ ಹಾಲಿನ ವಿಷಯ ನನ್ನ ಮನಸ್ಸಿನಲ್ಲಿ ಮತ್ತೆ ಮೊದಲಿನಂತಾಗಲಿಲ್ಲ.

ಆದರೆ ಹೆಚ್ಚು ನಾಟಿದ್ದು ಕಾಲೇಜು ಹುಡುಗಿಯ ಮಾತು. ‘ನನಗೆ ಕನ್ನಡ ಓದಲು ಬರುವುದಿಲ್ಲ. ನಿಮ್ಮ ಕರೆಯೋಲೆ ಕನ್ನಡ ಲಿಪಿಯಲ್ಲಿ ಬರುತ್ತದೆ. ಮನೆಯಲ್ಲಿ ನಾವು ಮಾತಾಡುವುದು ತುಳು. ಕಾರ್ಯಕ್ರಮಕ್ಕೆ ಬಂದರೆ ಎರಡು ಗಂಟೆ ಭಾಷಣ, ಆಮೇಲೆ ಸನ್ಮಾನ. ಯುವ ವಿಭಾಗ ಅಂತ ಬರೆದಿದ್ದೀರಿ. ಅದರಲ್ಲಿ ನನಗೆ ಯಾವ ತೀರ್ಮಾನ ಮಾಡುವ ಹಕ್ಕಿದೆ?’ ಯಂತ್ರಕ್ಕೆ ಡೊಂಬಿವಲಿ ಗೊತ್ತಿಲ್ಲ, ಆ ಹುಡುಗಿಯೂ ಇಲ್ಲ. ಆದರೂ ಈ ಪ್ರಶ್ನೆ ನಿಜವಾದದ್ದೇ ಇರಬಹುದು ಅನ್ನಿಸಿತು.

ಎಐ ಹೇಳಿತು ಅಂತ ಒಪ್ಪುವುದೂ ಬೇಡ, ತಳ್ಳುವುದೂ ಬೇಡ. ಅದರ ಆಕ್ಷೇಪವನ್ನು ಮನುಷ್ಯರ ಮುಂದೆ ಇಡುವ ಪ್ರಶ್ನೆಯಾಗಿ ಮಾಡಬೇಕು. ಇಡೀ ಕೆಲಸದಲ್ಲಿ ನಾನು ಹಿಡಿದುಕೊಂಡ ನಿಯಮ ಇದೊಂದೇ. ನಮ್ಮ ಸದಸ್ಯರ ಮನೆಗಳಿಗೇ ಹೋಗಿ ಹುಡುಗ-ಹುಡುಗಿಯರನ್ನು, ತಾಯಂದಿರನ್ನು ಕೇಳಿದೆ. ಲಿಪಿಯ ಮಾತು ನಿಜವಾಗಿತ್ತು. ಆದರೆ ಮಾತಾಡುವ ಆಸೆ ಇತ್ತು. ಬೇಸಿಗೆ ರಜೆಗೆ ಊರಿಗೆ ಹೋದಾಗ ಪೇಟೆಯಲ್ಲಿ, ಬಸ್ಸಿನಲ್ಲಿ ಕನ್ನಡ ಬಾರದೆ ಮುದುಡಿಕೊಳ್ಳುವ ಮಕ್ಕಳ ಬಗ್ಗೆ ತಾಯಂದಿರು ತುಂಬಾ ಹೇಳಿದರು. ಇನ್ನೊಂದು ವಿಷಯ ಯಾವ ಯಂತ್ರವೂ ಎತ್ತಿರಲಿಲ್ಲ. ಡೊಂಬಿವಲಿಯನ್ನು ರೈಲು ಹಳಿ ಪೂರ್ವ, ಪಶ್ಚಿಮ ಎಂದು ಎರಡಾಗಿ ಸೀಳಿದೆ. ವಾರವಿಡೀ ಲೋಕಲ್ ರೈಲಿನಲ್ಲಿ ನುಗ್ಗಾಡಿ ದಣಿದ ತಾಯಿ ಭಾನುವಾರ ಮಗುವಿನ ಕೈ ಹಿಡಿದು ಹಳಿಯ ಮೇಲಿನ ಸೇತುವೆ ದಾಟಿ ತರಗತಿಗೆ ಬರುವುದಿಲ್ಲ. ‘ನಮ್ಮ ಹೌಸಿಂಗ್ ಸೊಸೈಟಿಯಲ್ಲೇ ಮಾಡಿದರೆ ಕಳಿಸುತ್ತೇವೆ’ ಅಂದರು. ಹಾಲ್ ಬೇಡ ಅನ್ನಲು ಇದಕ್ಕಿಂತ ದೊಡ್ಡ ಕಾರಣ ಸಿಗಲಿಲ್ಲ.

ಬಂದ ಆಕ್ಷೇಪಗಳನ್ನೆಲ್ಲ ಇಟ್ಟುಕೊಳ್ಳಬೇಕಿಲ್ಲ. ಟೀಕಿಸು ಅಂದರೆ ಟೀಕಿಸಲೇಬೇಕೆಂದು ಏನಾದರೂ ಹುಡುಕುತ್ತದೆ. ‘ಸೋಷಿಯಲ್ ಮೀಡಿಯಾ ಸಾಲದು’, ‘ಪಾಲುದಾರರು ಬೇಕು’ – ಇಂಥವನ್ನು ಸುಮ್ನೆ ಬಿಟ್ಟೆ. ಒಂದು ಕಡೆ ಮುಂಬಯಿಯ ಕನ್ನಡ ಮಕ್ಕಳ ಬಗ್ಗೆ ಶೇಕಡಾವಾರು ಅಂಕಿಯನ್ನೇ ಕೊಟ್ಟಿತು. ಎಲ್ಲಿಂದ ತಂದೆ ಅಂದರೆ ಉತ್ತರವಿಲ್ಲ. ಎಐ ಕೊಟ್ಟ ಯಾವ ಅಂಕಿಯೂ ಯೋಜನೆಯೊಳಗೆ ಬರಬಾರದು ಎಂದು ಅವತ್ತೇ ತೀರ್ಮಾನಿಸಿದೆ. ಮುಂಬಯಿಯಲ್ಲಿ ಕನ್ನಡ ಕಲಿತವರಿಗೆ ಮುಂದೆ ದಾರಿಯೇ ಇಲ್ಲ ಎಂದೂ ವಾದಿಸಿತು. ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು, ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ ಅಂದೆ. ತಕ್ಷಣ ಸೋತು ಎಲ್ಲವನ್ನೂ ಒಪ್ಪಿಕೊಂಡಿತು, ಸರಿಯಾಗಿದ್ದ ಆಕ್ಷೇಪಗಳನ್ನೂ ಸೇರಿಸಿ ಬಿಟ್ಟುಕೊಟ್ಟಿತು! ಅದಕ್ಕೇ ಅದೇ ಚಾಟಿನಲ್ಲಿ ವಾದ ಮುಂದುವರಿಸುವುದನ್ನು ನಿಲ್ಲಿಸಿದೆ. ತಿದ್ದಿದ ಪುಟವನ್ನು ಹಿಂದಿನದೇನೂ ಗೊತ್ತಿಲ್ಲದ ಹೊಸ ಟೀಕಾಕಾರನ ಮುಂದೆ ಇಡುವುದೇ ಸರಿ. ಚಾಟ್‌ಜಿಪಿಟಿ, ಕ್ಲಾಡ್, ಜೆಮಿನಿ ಎಂಬ ಮೂರು ಎಐಗಳನ್ನೂ ಬಳಸಿದೆ. ಮೂರೂ ಒಂದೇ ಮಾತು ಹೇಳಿದರೆ ಮೂರು ಸಾಕ್ಷಿ ಸಿಕ್ಕಿತು ಎಂದುಕೊಳ್ಳಬಾರದು. ಮೂರೂ ಕಲಿತದ್ದು ಹೆಚ್ಚುಕಡಿಮೆ ಒಂದೇ ಬಗೆಯ ಬರಹಗಳಿಂದ.

ಸಮಿತಿಯಲ್ಲಿ ಆಕ್ಷೇಪಗಳನ್ನು ಓದುವಾಗ ಇವು ಎಐ ಬರೆದದ್ದು ಎಂದು ಮೊದಲೇ ಹೇಳಿದೆ. ಇದರಿಂದ ಒಂದು ಒಳ್ಳೆಯದಾಯಿತು. ಯಾರಿಗೂ ನೋವಾಗಲಿಲ್ಲ, ಯಾರ ಮೇಲೂ ಸಿಟ್ಟು ಬರಲಿಲ್ಲ. ಉತ್ತರ ಕೊಡುವ ಹುಮ್ಮಸ್ಸು ಬಂತು. ಆಡಿಟರ್ ಪಾತ್ರ, ಅರ್ಜಿ ಕಡಿಮೆಯಾಗಿವೆ, ಮಕ್ಕಳ ಫೀಸು ಕಟ್ಟುವ ಶುಲ್ಕ ನಿಧಿ ಮುಚ್ಚಿ ಅಂದಿತ್ತು. ರಾತ್ರಿ ಶಾಲೆಯಲ್ಲೇ ಓದಿದ ಹಿರಿಯರೊಬ್ಬರು ಎದ್ದು ನಿಂತರು. ‘ಮರ್ಯಾದೆಗೆ ಅಂಜುವವರು ಅರ್ಜಿ ಹಾಕುವುದಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸು ಸಂಘದ ಬಾಗಿಲಿಗೆ ಬರುವುದಿಲ್ಲ. ಶಾಲೆಯ ಟೀಚರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ’ ಅಂದರು. ನಿಧಿ ಉಳಿಯಿತು. ಅರ್ಜಿ ಪದ್ಧತಿ ಹೋಯಿತು, ಟೀಚರುಗಳ ಮೂಲಕ ಹುಡುಕುವ ಪದ್ಧತಿ ಬಂತು. ಯಂತ್ರ ಕೇಳದಿದ್ದರೆ ಅವರು ಈ ಮಾತು ಆಡುತ್ತಿರಲಿಲ್ಲವೇನೋ. ನಮ್ಮ ಯೋಜನೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ.

ಈಗ ಯೋಜನೆಯಲ್ಲಿ ಎರಡೇ ಕೆಲಸ ಇವೆ: ಶುಲ್ಕ ನಿಧಿ, ಮತ್ತು ಸೊಸೈಟಿಗಳ ಕಾಮನ್ ರೂಮಿನಲ್ಲಿ ಭಾನುವಾರದ ಕನ್ನಡ. ಮೊದಲು ಮಾತು, ಆಮೇಲೆ ಲಿಪಿ. ಪಾಠ ಏನಿರಬೇಕು ಎನ್ನುವುದನ್ನು ಇಪ್ಪತ್ತೈದು ವಯಸ್ಸಿನೊಳಗಿನವರೇ ಗೊತ್ತುಮಾಡುತ್ತಾರೆ. ಹಾಲ್, ಆರೋಗ್ಯ ಶಿಬಿರ, ಗ್ರಂಥಾಲಯ ಸದ್ಯಕ್ಕೆ ಬಿಟ್ಟಿದ್ದೇವೆ, ಬಿಟ್ಟಿದ್ದೇವೆ ಎಂದೇ ಪುಟದಲ್ಲಿ ಬರೆದಿದ್ದೇವೆ. ಹಾಲಿಗೆ ದೇಣಿಗೆ ಹೇಳಿದ್ದ ಹಿರಿಯರ ಮನೆಗೆ ಅಧ್ಯಕ್ಷರೂ ನಾನೂ ಹೋಗಿ ಮಾತಾಡಿದೆವು. ಅವರು ಇನ್ನೂ ಪೂರ್ತಿ ಒಪ್ಪಿಲ್ಲ.

ನಿಲ್ಲಿಸುವ ಷರತ್ತನ್ನೂ ಮುಂಚೆಯೇ ಬರೆದಿಟ್ಟಿದ್ದೇವೆ. ಜೂನ್‌ನಲ್ಲಿ ಸೇರಿದ ಮಕ್ಕಳಲ್ಲಿ ಅರ್ಧದಷ್ಟಾದರೂ ಯುಗಾದಿ ಹೊತ್ತಿಗೆ ಉಳಿದಿರಬೇಕು. ಉಳಿಯದ ಸೊಸೈಟಿಯಲ್ಲಿ ತರಗತಿ ನಿಲ್ಲಿಸಿ ಆ ದುಡ್ಡನ್ನು ಶುಲ್ಕ ನಿಧಿಗೆ ಹಾಕುತ್ತೇವೆ. ತಾಯಿಯ ಪಾತ್ರ ಎತ್ತಿದ ಒಂದು ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ: ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು, ಅವರು ಬೇರೆ ಕಡೆಗೆ ಮನೆ ಬದಲಿಸಿದರೆ ಏನು ಮಾಡುತ್ತೀರಿ? ಪ್ರತಿ ತರಗತಿಗೂ ಇಬ್ಬರು ಎಂದು ಸದ್ಯ ಇಟ್ಟುಕೊಂಡಿದ್ದೇವೆ. ಪಶ್ಚಿಮದ ಸೊಸೈಟಿಗಳಿಗೆ ಎರಡನೆಯವರನ್ನು ಇನ್ನೂ ಹುಡುಕುತ್ತಿದ್ದೇವೆ.